ಲ್ಯಾಬಿನ ಎಲ್ಲ ಮಷಿನ್‌ಗೂ ಒಂದೇ ಪಾಸ್‌ವರ್ಡ್ ಸರ್ವರ್: ಬರೀ ಕಮಾಂಡ್ ಲೈನ್‌ನಿಂದ ಆಗುತ್ತಾ?

ಖಂಡಿತ ಆಗುತ್ತೆ. ಲ್ಯಾಬ್ ಪೂರ್ತಿ ಉಬುಂಟು, ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದಲೇ ಕಮಾಂಡ್ ಓಡಿಸುವ ದಾರಿ) ಬಿಟ್ಟರೆ ಬೇರೆ ದಾರಿ ಇಲ್ಲ ಅಂದಿದ್ದೀರಿ. ಹಾಗಾದರೆ ಎಲ್ಲ ಮಷಿನ್‌ಗಳ ಲಾಗಿನ್ ಅನ್ನು ಒಂದೇ ಸರ್ವರ್‌ನಿಂದ ಪರೀಕ್ಷಿಸುವ ಕೆರ್ಬರೋಸ್ ಹಾಕಿ. ಅಮೆರಿಕದ ಎಂಐಟಿಯಲ್ಲಿ, ಕ್ಯಾಂಪಸ್ ಕಂಪ್ಯೂಟರ್‌ಗಳಿಗಾಗಿಯೇ ಹುಟ್ಟಿದ್ದು ಅದು. ಲಾಗಿನ್ ಆಗುವಾಗ ಪಾಸ್‌ವರ್ಡ್ ನೆಟ್‌ವರ್ಕ್ ಮೇಲೆ ಹೋಗುವುದೇ ಇಲ್ಲ. ಸರ್ವರ್ ಒಂದು ಟಿಕೆಟ್ ಕೊಡುತ್ತದೆ, ಅದರ ಅವಧಿ ಮುಗಿಯುವವರೆಗೆ ಅದರಲ್ಲೇ ಕೆಲಸ ನಡೆಯುತ್ತದೆ.

ಕಮಾಂಡ್‌ಗೆ ಕೈ ಹಾಕುವ ಮೊದಲು ಗಡಿಯಾರ ಮತ್ತು ಹೆಸರು ಸರಿ ಮಾಡಿಕೊಳ್ಳಿ. ಸರ್ವರ್‌ಗೂ ಮಷಿನ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದೇ ಹೋಗಬಹುದು. ಎಲ್ಲದರಲ್ಲೂ ಗಡಿಯಾರವನ್ನು ತಾನೇ ಸರಿ ಇಡುವ ಕ್ರೋನಿ ಹಾಕಿಬಿಡಿ. ಪ್ರತಿ ಮಷಿನ್‌ನ ಪೂರ್ತಿ ಹೆಸರು ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಮಷಿನ್‌ನ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಸಿಗಬೇಕು. ಯಾರಾದರೂ ಲಾಗಿನ್ ಆಗ್ತಿಲ್ಲ ಅಂದರೆ ಇವತ್ತಿಗೂ ನಾನು ಮೊದಲು ನೋಡುವುದು ಇವೆರಡನ್ನೇ.

ಆಮೇಲೆ ಸರ್ವರ್‌ನಲ್ಲಿ ಕೆಆರ್‌ಬಿ5-ಕೆಡಿಸಿ, ಕೆಆರ್‌ಬಿ5-ಅಡ್ಮಿನ್-ಸರ್ವರ್ ಪ್ಯಾಕೇಜ್‌ಗಳನ್ನು ಹಾಕಿ. ರೆಲ್ಮ್ (ಈ ಸರ್ವರ್ ನೋಡಿಕೊಳ್ಳುವ ವ್ಯಾಪ್ತಿ) ಹೆಸರು ಕೇಳಿದಾಗ ನಿಮ್ಮ ಡೊಮೈನ್ ಹೆಸರನ್ನೇ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಕೊಡಿ. ಮುಂದಿನ ಕಮಾಂಡ್ ಕೆಆರ್‌ಬಿ5_ನ್ಯೂರೆಲ್ಮ್. ಅದು ಕೇಳುವ ಮಾಸ್ಟರ್ ಪಾಸ್‌ವರ್ಡ್ ಉದ್ದವಾಗಿರಲಿ, ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿ ಬೀಗ ಹಾಕಿಡಿ.

ಈಗ ರೂಟ್ ಆಗಿ ಕೆಅಡ್ಮಿನ್.ಲೋಕಲ್ ತೆರೆಯಿರಿ. ಆಡ್‌ಪ್ರಿಂಕ್ ಕೊಟ್ಟರೆ ಹೊಸ ಬಳಕೆದಾರರು ಸೇರುತ್ತಾರೆ. ಪ್ರತಿ ಮಷಿನ್‌ಗೂ ಹೋಸ್ಟ್ ಅಂತ ಶುರುವಾಗುವ ಒಂದು ಹೆಸರು ಸೇರಿಸಿ, ಕೆಟಿಆಡ್‌ನಿಂದ ಕೀಟ್ಯಾಬ್ (ಆ ಮಷಿನ್‌ನ ಕೀಲಿ ಇರುವ ಫೈಲ್) ತೆಗೆದು ಎಸ್‌ಸಿಪಿ ಕಮಾಂಡ್‌ನಿಂದ ಆ ಮಷಿನ್‌ಗೆ ಕಳಿಸಿ. ಇಲ್ಲಿ ಸ್ವಲ್ಪ ಹುಷಾರು. ಕೆಟಿಆಡ್ ಸುಮ್ನೆ ಕೀಲಿಯನ್ನು ನಕಲು ಮಾಡುವುದಿಲ್ಲ, ಹೊಸ ಕೀಲಿಯನ್ನೇ ಹುಟ್ಟಿಸುತ್ತದೆ. ಅದೇ ಮಷಿನ್‌ಗೆ ಇನ್ನೊಮ್ಮೆ ಓಡಿಸಿದರೆ ಹಳೇ ಕೀಟ್ಯಾಬ್ ಕೆಲಸಕ್ಕೆ ಬರುವುದಿಲ್ಲ. ನಿನ್ನೆವರೆಗೆ ಸರಿಯಿತ್ತು, ಇವತ್ತು ಕೆಟ್ಟಿತು ಅನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರುತ್ತದೆ.

ಲ್ಯಾಬಿನ ಮಷಿನ್‌ಗಳಲ್ಲಿ ಕೆಆರ್‌ಬಿ5-ಯೂಸರ್, ಲಿಬ್‌ಪ್ಯಾಮ್-ಕೆಆರ್‌ಬಿ5 ಸಾಕು. ಕೆಇನಿಟ್ ಓಡಿಸಿ, ಕೆಲಿಸ್ಟ್‌ನಲ್ಲಿ ಟಿಕೆಟ್ ಕಂಡರೆ ಸರ್ವರ್ ಸರಿಯಾಗಿದೆ ಅಂತ ಅರ್ಥ. ಟಿಕೆಟ್ ಬಂದರೂ ಲಾಗಿನ್ ಆಗದಿದ್ದರೆ, ಆ ಮಷಿನ್‌ನಲ್ಲಿ ಆ ಹೆಸರಿನ ಖಾತೆ ಇದೆಯಾ ನೋಡಿ. ಕೆರ್ಬರೋಸ್ ನೋಡಿಕೊಳ್ಳುವುದು ಪಾಸ್‌ವರ್ಡ್ ಮಾತ್ರ. ಯೂಸರ್ ಐಡಿ, ಹೋಮ್ ಫೋಲ್ಡರ್ ಎಲ್ಲ ಬೇರೆ ಕಡೆಯಿಂದ ಬರಬೇಕು. ಮಷಿನ್‌ಗಳು ಜಾಸ್ತಿ ಇದ್ದರೆ ಅದಕ್ಕೆ ಎಲ್‌ಡ್ಯಾಪ್ (ಬಳಕೆದಾರರ ವಿವರಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿ) ಬೇಕೇ ಬೇಕು.

ಫೈರ್‌ವಾಲ್‌ನಲ್ಲಿ 88 ಮತ್ತು 464ನೇ ಪೋರ್ಟ್‌ಗಳನ್ನು ಲ್ಯಾಬಿಗೆ ತೆರೆಯಿರಿ. 749 ಅಡ್ಮಿನ್‌ಗೆ ಸೇರಿದ್ದು, ಅದನ್ನು ನಿಮ್ಮ ಒಂದು ಮಷಿನ್‌ಗೆ ಬಿಟ್ಟು ಬೇರೆ ಯಾರಿಗೂ ತೆರೆಯಬೇಡಿ.