ಮಳೆ + ಕಾಲ ‘ಮಳೆಕಾಲ’ ಅಂತಾನೆ ಮಗ. ಜೋಡಿಪದಗಳನ್ನು ಆಟ ಆಡಿಸಿ ಕಲಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು. ಆರೂವರೆ ವರ್ಷದ ಮಗನಿಗೆ ಶಾಲೆಯಲ್ಲಿ ‘ರೈನ್’ ಚೀಟಿಯ ಪಕ್ಕ ‘ಬೋ’ ಚೀಟಿ ಇಟ್ಟು ‘ರೈನ್‌ಬೋ’ ಮಾಡಿಸಿದ್ದಾರೆ. ಅದೇ ಆಟವನ್ನು ಮನೆಯಲ್ಲಿ ಕನ್ನಡದಲ್ಲಿ ಆಡಿಸಲು ಹೋದರೆ ಅವನು ‘ಮಳೆಕಾಲ’, ‘ಎಡಕೈ’ ಎಂದು ಓದುತ್ತಾನೆ, ತಿದ್ದಿದರೆ ಮುನಿಸಿಕೊಂಡು ಎದ್ದು ಹೋಗುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೀರಿ.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 17 ವರ್ಷದಿಂದ ನಲಿ-ಕಲಿ ತರಗತಿ ನೋಡಿಕೊಳ್ಳುತ್ತಿದ್ದೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. (ಆ ಊರಿನ ಹೆಸರೂ ಜೋಡಿಪದವೇ ನೋಡಿ.) ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂತು, ಕಾರ್ಡು, ಕಲ್ಲು, ಬೀಜ ಮುಟ್ಟಿಕೊಂಡು ಕಲಿಯುತ್ತಾರೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ನಿಮ್ಮ ಮಗನದು ತಪ್ಪಲ್ಲ. ಚೀಟಿಯಲ್ಲಿ ಏನಿತ್ತೋ ಅದನ್ನೇ ಓದಿದ್ದಾನೆ. ಇಂಗ್ಲಿಷಿನ ಎಷ್ಟೋ ಪದಗಳು ಪಕ್ಕಪಕ್ಕ ನಿಂತರೆ ಸಾಕು, ಜೋಡಿಯಾಗಿಬಿಡುತ್ತವೆ. ನಮ್ಮ ಪದಗಳು ಹಾಗಲ್ಲ. ಕೂಡುವ ಜಾಗದಲ್ಲಿ ಎಷ್ಟೋ ಸಲ ಕ ಹೋಗಿ ಗ ಬರುತ್ತೆ, ತ ಹೋಗಿ ದ ಬರುತ್ತೆ. ಜೊತೆಗೆ ನಡುವೆ ಇರಬೇಕಾದ ಒಂದು ಮಾತು ಅಡಗಿ ಕೂತಿರುತ್ತೆ. ಇವೆರಡೂ ಬೆರಳಿಗೆ ಸಿಗುವಂಥ ಆಟ ಬೇಕು.

ಚೀಟಿಗಳನ್ನು ಎತ್ತಿಟ್ಟು ಅವನ ಕೈಯಿಂದಲೇ ಶುರುಮಾಡಿ. ನೆಲದ ಮೇಲೆ ಅವನ ಕೈ ಇಡಿಸಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯಿರಿ. ಈಗ ಒಂದೊಂದೇ ಬೆರಳಿನ ಹೆಸರು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು. ಐದಕ್ಕೆ ಐದೂ ಜೋಡಿಪದ! ಪ್ರತಿ ಬೆರಳು ಹಿಡಿದು ‘ಯಾಕೆ ಈ ಹೆಸರು?’ ಎಂದು ಕೇಳಿ. ‘ತೋರಿಸೋ ಬೆರಳು’, ‘ನಡುವೆ ಇರೋ ಬೆರಳು’, ‘ಉಂಗುರ ಹಾಕ್ಕೊಳ್ಳೋ ಬೆರಳು’ ಎಂದು ಅವನೇ ಹೇಳುತ್ತಾನೆ. ಆ ‘ಇರೋ’, ‘ಹಾಕ್ಕೊಳ್ಳೋ’ ಇದೆಯಲ್ಲ, ಅದೇ ಅಡಗಿದ್ದ ಮಾತು. ನಿಮ್ಮ ಮನೆಯಲ್ಲಿ ಯಾವುದಾದರೂ ಬೆರಳಿಗೆ ಬೇರೆ ಹೆಸರಿದ್ದರೆ ಅದನ್ನೇ ಹೇಳಿಕೊಡಿ. ಹೆಬ್ಬೆರಳು ಬಂದಾಗ ಎರಡೂ ತೋಳು ಅಗಲಿಸಿ ‘ಹಿರಿದು’ ಎಂದು ತೋರಿಸಿ. ಆಮೇಲೆ ಹೆಬ್ಬಾಗಿಲು, ಹೆಬ್ಬಾವು, ಹೆಮ್ಮರ, ಹೆದ್ದಾರಿ ಎನ್ನುತ್ತಾ ಹೋದರೆ ಪ್ರತಿ ಸಲ ತೋಳು ತಾನೇ ಅಗಲವಾಗುತ್ತೆ. ಅಂಗೈಯನ್ನು ಮಾತ್ರ ಸದ್ಯಕ್ಕೆ ಬಿಡಿಸಬೇಡಿ. ಅದರೊಳಗೆ ‘ಅಡಿ’ ಇದೆ ಎಂಬುದು ಈ ವಯಸ್ಸಿಗೆ ಕಾಣುವುದಿಲ್ಲ.

ಆಮೇಲೆ ಎಡಗೈಗೆ ಬನ್ನಿ. ಅವನ ಬೆರಳನ್ನು ಅವನ ಗಂಟಲ ಮೇಲಿಡಿಸಿ, ‘ಎಡ... ಕೈ’ ಎಂದು ನಿಧಾನವಾಗಿ ಹೇಳಿಸಿ. ಗಂಟಲಿನ ನಡುಕ ‘ಕ’ ಬರುವಲ್ಲಿ ಒಂದು ಕ್ಷಣ ನಿಲ್ಲುತ್ತೆ. ಈಗ ‘ಎಡಗೈ’ ಹೇಳಿಸಿ. ಜೇನು ಗುಂಯ್ ಎನ್ನುವ ಹಾಗೆ ನಡುಕ ಎಲ್ಲೂ ಕಡಿಯದೆ ಓಡುತ್ತೆ. ನನ್ನ ತರಗತಿಯಲ್ಲಿ ಇದನ್ನು ‘ಜೇನು ನಿಂತಿತಾ, ಓಡಿತಾ’ ಆಟ ಎನ್ನುತ್ತೇವೆ. ಕ ಯಾಕೆ ಗ ಆಗುತ್ತೆ ಎಂದು ನಾನು ವಿವರಿಸಲು ಹೋಗುವುದಿಲ್ಲ. ನಾಲಗೆಗೆ ಯಾವುದು ಸಲೀಸು ಎನ್ನುವುದು ಬೆರಳಿಗೇ ತಿಳಿಯುತ್ತೆ.

ಚೀಟಿ ಬರುವುದು ಇದಾದ ಮೇಲೆ, ಅದೂ ಮಡಚುವ ಚೀಟಿ. ಹಳೇ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ದಪ್ಪ ರಟ್ಟು, ಹಿಂಬದಿ ಸಾಮಾನ್ಯವಾಗಿ ಖಾಲಿ, ಇದಕ್ಕೆ ಹೇಳಿಮಾಡಿಸಿದ್ದು. ಒಂದು ಪಟ್ಟಿ ಕತ್ತರಿಸಿ, ಎಡಕ್ಕೆ ಎರಡು ಬೆರಳಗಲ ಜಾಗ ಬಿಟ್ಟು ‘ಕಾಲ’ ಎಂದು ಬರೆಯಿರಿ. ಬಿಟ್ಟ ಭಾಗವನ್ನು ಒಳಕ್ಕೆ ಮಡಚಿದರೆ ಅದು ಸರಿಯಾಗಿ ‘ಕಾ’ ಮೇಲೆ ಕೂರಬೇಕು. ಆ ಮಡಿಕೆಯೇ ಬಾಗಿಲು, ಅದರ ಮೇಲೆ ‘ಗಾ’ ಬರೆಯಿರಿ. ‘ಮಳೆ’ ಚೀಟಿ ದೂರವಿದ್ದಾಗ ಬಾಗಿಲು ತೆರೆದಿರುತ್ತೆ, ಕಾಲ. ‘ಮಳೆ’ ಹತ್ತಿರ ಬಂದು ಕೂತರೆ ಮಗು ಬಾಗಿಲು ಮುಚ್ಚುತ್ತೆ, ಮಳೆಗಾಲ. ಹೀಗೇ ಚಳಿಗಾಲ, ಬಲಗೈ, ಹಿಂಗಾಲು, ನೆಲಗಡಲೆ, ಹೂದೋಟ, ಕೆಳದುಟಿ. ಹತ್ತು ಚೀಟಿ ಸಾಕು.

ಆದರೆ ‘ಯಾವಾಗಲೂ ಗ ಆಗುತ್ತೆ’ ಎಂದು ಮಾತ್ರ ಹೇಳಿಕೊಡಬೇಡಿ. ಬಾಳೆಕಾಯಿ ಬಾಳೆಕಾಯಿಯೇ, ‘ಬಾಳೆಗಾಯಿ’ ಅಲ್ಲ. ಮನೆಕೆಲಸ ಎಂದರೂ ಸರಿ, ಮನೆಗೆಲಸ ಎಂದರೂ ಸರಿ. ಮಳೆಗಾಲ, ಚಳಿಗಾಲ ಎನ್ನುವ ನಾವೇ ‘ಬೇಸಿಗೆಗಾಲ’ ಎನ್ನುವುದಿಲ್ಲ. ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಹೇಳಿಸಿ, ‘ನಿನ್ನ ಕಿವಿಗೆ ಯಾವುದು ಚೆಂದ?’ ಎಂದು ಕೇಳಿ. ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಿಕೊಂಡು ಬರಲಿ. ನನ್ನ ಮೊದಲ ವರ್ಷಗಳಲ್ಲಿ ನಾನು ಬೋರ್ಡಿನ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಮಕ್ಕಳು ಪಟ್ಟಿಯನ್ನು ಒಪ್ಪಿಸುತ್ತಿದ್ದರು, ಪಟ್ಟಿಯ ಹೊರಗಿನ ಒಂದು ಪದವನ್ನೂ ಬಿಡಿಸುತ್ತಿರಲಿಲ್ಲ. ಅದರ ಬೇಸರ ಇವತ್ತಿಗೂ ಇದೆ.

ಅಡಗಿದ ಮಾತಿನ ವಿಷಯ ನನಗೆ ತುಂಬಾ ಮುಖ್ಯ, ಅದಕ್ಕೇ ಮತ್ತೆ ಬರುತ್ತೇನೆ. ಒಮ್ಮೆ ಮಾವಿನಕಾಯಿ, ತೆಂಗಿನಕಾಯಿ ಬಿಡಿಸುತ್ತಿದ್ದೆವು. ಮಾವಿನ ಮರದ ಕಾಯಿ, ತೆಂಗಿನ ಮರದ ಕಾಯಿ. ಎರಡನೇ ತರಗತಿಯ ಹುಡುಗಿಯೊಬ್ಬಳು ತನ್ನ ಬುತ್ತಿಯ ಮುಚ್ಚಳ ತೆಗೆದು, ‘ಮಿಸ್, ಉಪ್ಪಿನಕಾಯಿ? ಉಪ್ಪಿನ ಮರ ಎಲ್ಲಿರುತ್ತೆ?’ ಅಂದಳು. ತಮಾಷೆಗಲ್ಲ, ತಿಳಿದುಕೊಳ್ಳಲೇಬೇಕು ಎಂಬಂತೆ ಕೇಳಿದಳು. ಮರುದಿನ ಒಂದು ಜಾಡಿ, ಉಪ್ಪು, ನಾಲ್ಕು ನಿಂಬೆಹಣ್ಣು ತಂದು ಎಲ್ಲರ ಕೈಯಲ್ಲೂ ಹೋಳು ಹಾಕಿಸಿದೆ. ವಾರದ ಮೇಲೆ ಅವಳೇ ಬಿಡಿಸಿ ಹೇಳಿದಳು: ‘ಉಪ್ಪಲ್ಲಿ ಹಾಕಿಟ್ಟ ಕಾಯಿ.’ ಒಂದು ಕಡೆ ‘ಮರದ’, ಇನ್ನೊಂದು ಕಡೆ ‘ಅಲ್ಲಿ ಹಾಕಿಟ್ಟ’. ಹೀಗೆ ಬಿಡಿಸಿ ಹೇಳುವುದನ್ನೇ ದೊಡ್ಡ ತರಗತಿಯಲ್ಲಿ ವಿಗ್ರಹವಾಕ್ಯ ಎಂದು ಕಲಿಯುತ್ತಾಳೆ.

ಕಲ್ಲುಸಕ್ಕರೆಯೂ ಒಳ್ಳೆಯ ಪಾಠ. ಬಾಯಿಗೆ ಹಾಕುವ ಮುಂಚೆ ‘ಇದು ಕಲ್ಲಾ, ಸಕ್ಕರೆಯಾ?’ ಎಂದು ಕೇಳಿ. ತಿಂದ ಮೇಲೆ ಅನುಮಾನವೇ ಇರುವುದಿಲ್ಲ. ಇಂಥ ಪದಗಳಲ್ಲಿ ವಸ್ತು ಯಾವುದೆಂದು ಹೇಳುವುದು ಎರಡನೆಯ ಪದ, ಅದು ಎಂಥದ್ದೆಂದು ಹೇಳುವುದು ಮೊದಲನೆಯ ಪದ. ಬಾಳೆಎಲೆ, ಬಾಳೆದಿಂಡು, ಬಾಳೆಗೊನೆ ಮುಂದಿಟ್ಟರೂ ಇದು ಹೊಳೆಯುತ್ತೆ.

ಆಟಕ್ಕೆ ರುಚಿ ಹತ್ತಿದ ಮೇಲೆ ಮಕ್ಕಳು ಎಲ್ಲವನ್ನೂ ಕತ್ತರಿಸಲು ಶುರುಮಾಡುತ್ತಾರೆ. ‘ಕಾಲುವೆ’ಯಲ್ಲಿ ಕಾಲು ಸಿಕ್ಕಿತು ಎನ್ನುತ್ತಾರೆ, ‘ಮನೆಗಳು’ ಕೂಡ ಜೋಡಿ ಎನ್ನುತ್ತಾರೆ. ಬೈಯಬೇಡಿ. ಎರಡೂ ತುಂಡುಗಳನ್ನು ಚಾಪೆಯ ಮೇಲೆ ಬೇರೆ ಬೇರೆ ಇಟ್ಟು, ‘ಗಳು ಅಂದ್ರೆ ಏನು, ಒಂದು ಚಿತ್ರ ಬರಿ’ ಎನ್ನಿ. ಬರೆಯಲಾಗದೆ ತಾನೇ ಚೀಟಿ ವಾಪಸ್ ಇಡುತ್ತಾನೆ.

ಕೊನೆಗೆ ಹೊಸ ಪದ ಕಟ್ಟಲು ಬಿಡಿ. ನಮ್ಮಲ್ಲಿ ಒಬ್ಬ ಹುಡುಗ ಕೊಡೆಗೆ ‘ಕೈಸೂರು’ ಎಂದು ಹೆಸರಿಟ್ಟ. ಹೇಗೋ ಅಂದರೆ, ‘ಕೈಯಲ್ಲಿ ಹಿಡ್ಕೊಳ್ಳೋ ಸೂರು, ಮಿಸ್’ ಅಂದ. ಆ ಚೀಟಿ ಈಗಲೂ ನಮ್ಮ ಡಬ್ಬಿಯಲ್ಲಿದೆ. ನಿಮ್ಮ ಮಗನಿಗೂ ಒಂದು ಖಾಲಿ ಡಬ್ಬಿ ಕೊಡಿ. ದಿನಕ್ಕೆ ಹತ್ತು ನಿಮಿಷ ಆಡಿಸಿ, ಅವನು ಎದ್ದು ಹೋಗುವ ಮುಂಚೆ ನೀವೇ ಡಬ್ಬಿ ಮುಚ್ಚಿ. ‘ಸಮಾಸ’ ಎಂಬ ಮಾತು ಈಗ ಬೇಡ, ಹೈಸ್ಕೂಲಿನಲ್ಲಿ ಬರುತ್ತೆ.