ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಟೋಪುತೆನಿ ಸೆರಗು

ಪ್ರಶ್ನೆ: ಕಾಕಾ, ನಾನು ಇಳಕಲ್ಲಿನವಳು. ವಿಜಯಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಅವ್ವ ಮಗ್ಗದ ದುಡ್ಡು ಕೂಡಿಸಿ 16,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದಾಳೆ. ಕಪ್ಪು ಪ್ಲಾಸ್ಟಿಕ್ಕಿನದು. ಮುಚ್ಚಳದ ತುಂಬ ಗೀರು, ಮೂಲೆಯಲ್ಲಿ ಹಿಂದಿನವರು ಅಂಟಿಸಿದ್ದ ಸ್ಟಿಕ್ಕರಿನ ಕಲೆ. ಅದಕ್ಕೆ ಕೆಂಪು ಬಣ್ಣ ಹೊಡೆದು ನಮ್ಮ ಇಳಕಲ್ ಸೀರೆಯ ಟೋಪುತೆನಿ ಸೆರಗಿನ ಹಾಗೆ ಬಿಳಿ ತೆನೆ ಬರೆಯುವ ಆಸೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪ್ರೇ ಡಬ್ಬಿ ನೋಡಿಕೊಂಡು ಬಂದಿದ್ದೇನೆ. ಗೆಳತಿಯರು ಕೆಟ್ಟುಹೋಗುತ್ತದೆ ಅಂತಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ಹಚ್ಚಲೋ, ಬೇಡವೋ?
— ಹೆಸರು ಬೇಡ, ವಿಜಯಪುರ

ಉತ್ತರ: ಹಚ್ಚು ಯವ್ವಾ. ಆದರೆ ಈಗಿರುವ ಮುಚ್ಚಳಕ್ಕಲ್ಲ, ಈ ಬಿಸಿಲಿನಲ್ಲೂ ಅಲ್ಲ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಆಸೆ ಸೇರಿಕೊಂಡಿವೆ. ಗೀರು ಮುಚ್ಚಬೇಕು ಅನ್ನುವುದು ಒಂದು, ಸೆರಗು ಬರೆಯಬೇಕು ಅನ್ನುವುದು ಇನ್ನೊಂದು. ಗೀರು ಮುಚ್ಚುವುದಷ್ಟೇ ಆಗಿದ್ದರೆ ಬಣ್ಣದ ಉಸಾಬರಿಯೇ ಬೇಡ, ಮೊಬೈಲ್ ಅಂಗಡಿಯಲ್ಲಿ ಒಂದು ವಿನೈಲ್ ಸ್ಕಿನ್ ಅಂಟಿಸಿಕೊಂಡು ಬಾ ಅನ್ನುತ್ತಿದ್ದೆ. ಬೇಡವಾದಾಗ ಕಿತ್ತು ಹಾಕಬಹುದು. ಆದರೆ ನಿನ್ನ ಮನಸ್ಸು ಸೆರಗಿನ ಮೇಲಿದೆ. ಅದನ್ನು ಸ್ಟಿಕ್ಕರಿನಲ್ಲಿ ತೀರಿಸು ಅನ್ನಲು ನನಗೂ ಮನಸ್ಸಿಲ್ಲ.

ನನ್ನ ಕೈಯಿಂದ ಆದ ಒಂದು ಕೇಡನ್ನು ಮೊದಲು ಹೇಳುತ್ತೇನೆ. ಬಾಗಲಕೋಟೆಯಲ್ಲಿ ಈ ರಿಪೇರಿ ಅಂಗಡಿ ಹಾಕುವ ಮೊದಲು ನಾನು ಬೆಳಗಾವಿಯ ಉದ್ಯಮಬಾಗದ ಕಡೆ ಒಂದು ಗ್ಯಾರೇಜಿನಲ್ಲಿ ಗಾಡಿಗಳಿಗೆ ಸ್ಪ್ರೇ ಹೊಡೆಯುತ್ತಿದ್ದೆ. ತಗಡಿಗೆ ಬಣ್ಣ ಹೊಡೆಯುವ ಮುಂಚೆ ಥಿನ್ನರ್ ಬಟ್ಟೆಯಿಂದ ಒರೆಸುವುದು ಕೈಗೆ ಕೂತ ಪಾಠ. ಅಕ್ಕನ ಮಗ ತನ್ನ ಲ್ಯಾಪ್‌ಟಾಪಿಗೆ ನೀಲಿ ಬಣ್ಣ ಬೇಕೆಂದಾಗ ಅದನ್ನೂ ಹಾಗೇ ಒರೆಸಿದೆ. ಕ್ಷಣದಲ್ಲಿ ಮುಚ್ಚಳದ ಮೈ ಬಿಸಿಲಿಗಿಟ್ಟ ಬೆಲ್ಲದಂತೆ ಮೆತ್ತಗಾಯಿತು. ಬಟ್ಟೆಯ ಎಳೆಗಳು ಅಂಟಿಕೊಂಡವು. ಹೆದರಿ ಬದಿಗೆ ಸರಿಸಲು ಹೋದರೆ ನನ್ನ ಹೆಬ್ಬೆರಳಿನ ಗೆರೆಗಳೆಲ್ಲ ಅಲ್ಲೇ ಅಚ್ಚಾಗಿ ಉಳಿದವು. ತಗಡಿಗೆ ಏನೂ ಮಾಡದ ಥಿನ್ನರ್ ಲ್ಯಾಪ್‌ಟಾಪಿನ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನೂ ಅಷ್ಟೇ. ಆ ಹುಡುಗ ಒಂದು ಮಾತು ಆಡಲಿಲ್ಲ. ಆ ಮುಚ್ಚಳ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಅದಕ್ಕೇ ನಿನ್ನ ಅವ್ವನ 16,000 ರೂಪಾಯಿಯ ಮೇಲೆ ಕೈ ಪಳಗಿಸಿಕೊಳ್ಳಬೇಡ ಅನ್ನುವುದು. ನಮ್ಮ ಧಂದೆಯಲ್ಲಿ ಹೊರಗಿನ ಮುಚ್ಚಳಕ್ಕೆ ಎ ಪ್ಯಾನಲ್ ಅಂತೀವಿ. ಹಳೇ ಮಾಡೆಲಿನವು ಬಿಡಿಯಾಗಿ ಸಿಗುತ್ತವೆ. ಗುಜರಿ ಲ್ಯಾಪ್‌ಟಾಪಿನಿಂದ ಕಳಚಿದ್ದಾದರೆ ಇನ್ನೂ ಅಗ್ಗ. ನಿನ್ನ ಮಾಡೆಲ್ ನಂಬರು ತೋರಿಸಿ ಅಂಥದ್ದೊಂದು ತರಿಸಿಕೊ. ಬಣ್ಣ ಅದಕ್ಕೆ. ಚೆನ್ನಾಗಿ ಬಂದರೆ ರಿಪೇರಿಯವರ ಹತ್ತಿರ ಕೂಡಿಸಿಕೊ, ಕೆಟ್ಟರೆ ಲ್ಯಾಪ್‌ಟಾಪ್ ಇದ್ದ ಹಾಗೇ ಇರುತ್ತದೆ. ನೀನೇ ಬಿಚ್ಚಲು ಹೋಗಬೇಡ. ಹಳೇ ಲ್ಯಾಪ್‌ಟಾಪಿನಲ್ಲಿ ಹಿಂಜ್ ಬಿಗಿಯಾಗಿರುತ್ತದೆ, ಅದನ್ನು ಹಿಡಿದಿರುವ ಪುಟ್ಟ ಹಿತ್ತಾಳೆ ನಟ್ಟುಗಳು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತವೆ.

ಗೆಳತಿಯರ ಹೆದರಿಕೆ ಪೂರ್ತಿ ಸುಳ್ಳಲ್ಲ. ಮುಚ್ಚಳದ ಮೇಲಿನ ತೆಳು ಬಣ್ಣದಿಂದ ಲ್ಯಾಪ್‌ಟಾಪ್ ಕಾಯುವುದಿಲ್ಲ, ಶಾಖ ಹೋಗುವುದು ಕೆಳಗಿನ ಮತ್ತು ಬದಿಯ ಕಿಂಡಿಗಳಿಂದ. ಅಲ್ಲಿ ಬಣ್ಣ ಸೋಕಿಸಬೇಡ. ಆದರೆ ವೈಫೈ ಆಂಟೆನಾ ಬಹಳಷ್ಟು ಮಾಡೆಲ್‌ಗಳಲ್ಲಿ ಮುಚ್ಚಳದ ಒಳಗೇ, ಸ್ಕ್ರೀನಿನ ಮೇಲಂಚಿಗೆ ಇರುತ್ತದೆ. ಲೋಹದ ಪುಡಿ ಬೆರೆತ ಮೆಟಾಲಿಕ್ ಬಣ್ಣ ಹೊಡೆದರೆ ಸಿಗ್ನಲ್ ಕುಗ್ಗಬಹುದು. ಜರಿಯ ಗೆರೆ ಬೇಕೆನಿಸಿದರೆ ಬಂಗಾರದ ಬಣ್ಣ ಬಿಟ್ಟು ಸಾದಾ ಹಳದಿಯಲ್ಲಿ ಎಳೆ. ಕೈ ಊರುವ ಜಾಗಕ್ಕೂ ಬಣ್ಣ ಬೇಡ, ಬೆವರಿಗೆ ಬಿಟ್ಟುಹೋಗುತ್ತದೆ. ಇನ್ನೂ ವಾರಂಟಿ ಇದ್ದರೆ ಮುಗಿಯುವವರೆಗೆ ತಡಿ.

ಈಗ ಕೆಲಸದ ಮಾತು. ಪ್ಯಾನಲ್ಲನ್ನು ಪಾತ್ರೆ ತಿಕ್ಕುವ ಸೋಪಿನ ನೀರಲ್ಲಿ ತೊಳೆದು ಒಣಗಿಸು. 600 ನಂಬರಿನ ವಾಟರ್ ಪೇಪರಿನಿಂದ (ನೀರು ಹಚ್ಚಿ ಉಜ್ಜುವ ಸ್ಯಾಂಡ್ ಪೇಪರ್) ಹೊಳಪು ಹೋಗುವಷ್ಟು ಹಗುರಾಗಿ ಉಜ್ಜಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಿಂದ ಒರೆಸು. ಆಮೇಲೆ ಪ್ಲಾಸ್ಟಿಕ್ ಪ್ರೈಮರ್. ಇದನ್ನು ಬಿಡಲೇಬೇಡ. ಮಗ್ಗದ ಮನೆಯ ಮಗಳು ನೀನು, ಕೊಂಡಿ ಹಾಕುವುದನ್ನು ನೋಡಿಯೇ ಇರುತ್ತೀ. ಒಡಲಿನ ಹತ್ತಿಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ, ಎಳೆಗೆ ಎಳೆ ಕೊಂಡಿ ಬಿದ್ದ ಮೇಲೇ ಅವೆರಡೂ ಒಂದು ಸೀರೆ. ಪ್ರೈಮರ್ ಇಲ್ಲದ ಬಣ್ಣ ಕೊಂಡಿ ಇಲ್ಲದ ಸೆರಗಿನಂತೆ, ಬ್ಯಾಗಿನ ಜಿಪ್ಪು ತಾಗಿದರೆ ಸಾಕು, ಸಿಪ್ಪೆಯಂತೆ ಏಳುತ್ತದೆ.

ಇನ್ನೊಂದು. ನೀನು ಕೆಂಪಿನ ಮೇಲೆ ಬಿಳಿ ಬರೆಯುವ ಯೋಚನೆಯಲ್ಲಿದ್ದೀ. ತಿರುವು ಹಾಕು. ಕೆಲವು ಕೆಂಪು ಬಣ್ಣಗಳು ಮೇಲಿನ ಬಿಳಿಗೆ ಏರಿ ಬರುತ್ತವೆ, ನಾಲ್ಕು ದಿನಕ್ಕೆ ತೆನೆಗಳು ಗುಲಾಬಿಯಾಗುತ್ತವೆ. ಅದೂ ಅಲ್ಲದೆ ಕಪ್ಪಿನ ಮೇಲೆ ಕೆಂಪು ಹೊಡೆದರೆ ಮಂಕಾಗುತ್ತದೆ. ಮೊದಲು ಇಡೀ ಪ್ಯಾನಲ್ಲಿಗೆ ಬಿಳಿ ಹೊಡೆದು ಒಂದು ದಿನ ಬಿಡು. ತೆನೆ ಬರಬೇಕಾದಲ್ಲಿ ಮಾಸ್ಕಿಂಗ್ ಟೇಪನ್ನು ಕತ್ತರಿಸಿ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತು. ಅದರ ಮೇಲೆ ಕೆಂಪು, ಮೂರು ನಾಲ್ಕು ತೆಳು ಕೈ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಒಂದೇ ಸಲ ದಪ್ಪ ಹೊಡೆದರೆ ಸೋರುತ್ತದೆ. ಕೆಂಪು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಎಳೆ, ಬಿಳಿ ತೆನೆ ಚೂಪಾಗಿ ಬಿಟ್ಟುಕೊಳ್ಳುತ್ತದೆ. ಕೊನೆಗೆ ಎರಡು ಕೈ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಗಾಡಿಗೆ ಹೊಡೆಯುವ, ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಮಾತ್ರ ತರಬೇಡ, ಅದರ ಹೊಗೆ ಎದೆಗೆ ಬಹಳ ಕೆಟ್ಟದ್ದು. ಸಾದಾ ಡಬ್ಬಿಯನ್ನೂ ಹಾಸ್ಟೆಲ್ ಕೋಣೆಯಲ್ಲಿ ಹೊಡೆಯಬೇಡ, ಗಾಳಿಯಾಡುವ ಕಡೆ ಮಾಸ್ಕ್ ಕಟ್ಟಿಕೊಂಡು ಹೊಡಿ.

ಅರ್ಧ ತಾಸಿಗೇ ಒಣಗಿದಂತೆ ಕಾಣುತ್ತದೆ. ಉಗುರು ಒತ್ತಿ ನೋಡು, ಗುರುತು ಬೀಳುತ್ತದೆ. ಒಂದು ವಾರ ಮುಟ್ಟದೆ ಇಡು. ಮರುದಿನವೇ ಬ್ಯಾಗಿಗೆ ಹಾಕಿದರೆ ಬ್ಯಾಗಿನ ಬಟ್ಟೆಯ ನೇಯ್ಗೆಯೇ ಬಣ್ಣದ ಮೇಲೆ ಮೂಡುತ್ತದೆ.

ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಸ್ಪ್ರೇ ಹನಿ ಪ್ಯಾನಲ್ ಮುಟ್ಟುವ ಮೊದಲೇ ಒಣಗಿ ಮೈ ತರಿತರಿಯಾಗುತ್ತದೆ. ಮಳೆಗಾಲದ ತೇವಕ್ಕೆ ಬಣ್ಣ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ದೀಪಾವಳಿ ಸೂಟಿಗೆ ಊರಿಗೆ ಹೋದಾಗ, ಬೆಳಿಗ್ಗೆ ಹತ್ತರ ಸುಮಾರಿಗೆ, ಅಂಗಳದಲ್ಲಿ ಕೆಲಸ ಹಿಡಿ.

ಅಷ್ಟರೊಳಗೆ ಅವ್ವನಿಗೆ ಹೇಳು. 15.6 ಇಂಚಿನ ಲ್ಯಾಪ್‌ಟಾಪ್ ಆದರೆ ಮುಚ್ಚಳ ಸುಮಾರು 37 ಸೆಂ.ಮೀ. ಅಗಲ ಇರುತ್ತದೆ. ಅಷ್ಟೇ ಅಗಲದ ಹಾಳೆ ಕೊಟ್ಟು, ಅದರಲ್ಲಿ ಎಷ್ಟು ತೆನೆ ಕೂಡುತ್ತವೆ, ನಡುವೆ ಎಷ್ಟು ಕೆಂಪು ಬಿಡಬೇಕು ಅಂತ ಕೇಳಿ ಬರೆಸಿಕೊ. ಆ ಲೆಕ್ಕ ನನಗೆ ಬರುವುದಿಲ್ಲ, ಆಕೆಗೆ ಬರುತ್ತದೆ.