13 ಕಾರ್ಮಿಕರು ಮತ್ತು ಒಂದು ಉದ್ಯಮದ ಹೆಸರು: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ನೀವು ಕಳುಹಿಸಿದ ‘ಕುಡಿದ ಕೈಗಳು ಕಟ್ಟಿದ ಕಾರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನನ್ನಿಂದ ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವಂಥ ಲೇಖನವೂ ಇದಲ್ಲ. ಅಮೆರಿಕದ ಕಾರು ಉದ್ಯಮದ ಊರಾದ ಡೆಟ್ರಾಯಿಟ್ ಸುತ್ತಮುತ್ತ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಿ, ಕಾರು ಕಂಪನಿಗಳಿಗೇ ಸಂಬಂಧಪಟ್ಟ ಕೆಲಸ ಮಾಡಿಕೊಂಡಿರುವ ನಿಮಗೆ ಕನ್ನಡ ಓದುಗರಿಗೆ ಹೇಳಲು ಬೇಕಾದಷ್ಟಿದೆ. ಅದು ಈ ಲೇಖನದಲ್ಲಿ ಬಂದಿಲ್ಲ ಎಂಬುದೇ ನನ್ನ ತಕರಾರಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ವಾದದ ಸಾರ ಹೀಗಿದೆ. 2010ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್‌ನಲ್ಲಿರುವ ಕ್ರೈಸ್ಲರ್ ಕಂಪನಿಯ ಜೆಫರ್ಸನ್ ನಾರ್ತ್ ಕಾರ್ಖಾನೆಯ ಕೆಲವು ಕಾರ್ಮಿಕರು ಊಟದ ಬಿಡುವಿನಲ್ಲಿ ಹೊರಗೆ ಹೋಗಿ ಬಿಯರ್ ಕುಡಿಯುವುದನ್ನೂ, ಗಾಂಜಾ ಎಂದು ತೋರುವ ಸಿಗರೇಟು ಸೇದುವುದನ್ನೂ ಸ್ಥಳೀಯ ಟಿವಿ ವಾಹಿನಿಯೊಂದು ಗುಟ್ಟಾಗಿ ಚಿತ್ರೀಕರಿಸಿ ಪ್ರಸಾರ ಮಾಡಿತು. ಕಂಪನಿ 13 ಜನರನ್ನು ಕೆಲಸದಿಂದ ತೆಗೆಯಿತು. 2012ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರರ ತೀರ್ಪಿನಿಂದಾಗಿ ಅವರು ಮತ್ತೆ ಕೆಲಸಕ್ಕೆ ಬಂದರು. ಇಷ್ಟನ್ನು ಹೇಳಿ ಮರುಕ್ಷಣವೇ ನೀವು, ‘ಅಮೆರಿಕದ ಕಾರು ಜಪಾನಿನ ಕಾರಿನ ಮುಂದೆ ಸೋತದ್ದು ಇಂಥ ಕಾರ್ಮಿಕರಿಂದ, ಇವರ ಬೆನ್ನಿಗೆ ನಿಂತ ಯೂನಿಯನ್‌ನಿಂದ’ ಎಂದು ತೀರ್ಮಾನಿಸಿಬಿಡುತ್ತೀರಿ. ಉಳಿದ ಹನ್ನೆರಡು ಪುಟಗಳು ಈ ಒಂದು ವಾಕ್ಯದ ವಿಸ್ತರಣೆ ಮಾತ್ರ.

ಮೊದಲಿಗೆ, ನಿಮ್ಮ ಸಿಟ್ಟು ಸುಳ್ಳಲ್ಲ ಎಂದು ಒಪ್ಪುತ್ತೇನೆ. ಎರಡು ಟನ್ ತೂಗುವ ಜೀಪ್ ಗ್ರ್ಯಾಂಡ್ ಚೆರೋಕಿಯನ್ನು ಜೋಡಿಸುವವರು ಬಿಡುವಿನಲ್ಲಿ ಕುಡಿದು ಕಾರು ಜೋಡಣೆಯ ಲೈನಿಗೆ ಮರಳುವುದು ಅವರಿಗೂ ಪಕ್ಕದಲ್ಲಿ ನಿಂತವರಿಗೂ ಆ ವಾಹನ ಕೊಳ್ಳುವ ಕುಟುಂಬಕ್ಕೂ ಅಪಾಯವೇ. ಆದರೆ ಆ ಪ್ರಸಾರ ಅಷ್ಟು ದೊಡ್ಡ ಕೋಲಾಹಲ ಎಬ್ಬಿಸಿದ್ದು ಏಕೆ ಎಂಬುದನ್ನೇ ನೀವು ಬರೆದಿಲ್ಲ. ಕ್ರೈಸ್ಲರ್ 2009ರ ಏಪ್ರಿಲ್ 30ರಂದು ದಿವಾಳಿ ಅರ್ಜಿ ಸಲ್ಲಿಸಿ, ಸರ್ಕಾರದ ಹಣದಿಂದ ಬದುಕುಳಿದಿತ್ತು. 2010ರ ಜುಲೈ 30ರಂದು ಅಧ್ಯಕ್ಷ ಒಬಾಮಾ ಇದೇ ಜೆಫರ್ಸನ್ ನಾರ್ತ್ ಕಾರ್ಖಾನೆಗೆ ಬಂದು, ಆ ನೆರವು ವ್ಯರ್ಥವಾಗಿಲ್ಲ ಎಂದು ಕಾರ್ಮಿಕರ ಮುಂದೆ ನಿಂತು ಮಾತನಾಡಿದ್ದರು. ಎರಡು ತಿಂಗಳು ತುಂಬುವ ಮೊದಲೇ ಆ ದೃಶ್ಯಗಳು ಮನೆಮನೆಯ ಟಿವಿಯಲ್ಲಿ ಬಂದವು. ತನ್ನ ತೆರಿಗೆ ಹಣದಿಂದ ಉಳಿದ ಕಾರ್ಖಾನೆಯ ಜನ ಹೀಗೆ ಮಾಡಿದರಲ್ಲ ಎಂಬ ನೋವು ಆ ಸಿಟ್ಟಿನ ಬುಡದಲ್ಲಿತ್ತು. ಈ ಹಿನ್ನೆಲೆ ಬಂದರೆ ನಿಮ್ಮ ಆರಂಭಕ್ಕೆ ಬಲ ಬರುತ್ತದೆ.

ಎರಡನೆಯದು ನೇರವಾದ ತಪ್ಪು. ‘ಯೂನಿಯನ್ ಒತ್ತಡಕ್ಕೆ ಮಣಿದ ಕಂಪನಿ 13 ಜನರನ್ನೂ ವಾಪಸು ಕರೆಸಿಕೊಂಡಿತು’ ಎಂದು ಬರೆದಿದ್ದೀರಿ. ಕಂಪನಿ ಮಣಿಯಲಿಲ್ಲ. ಈ ತೀರ್ಪು ತನಗೆ ಒಪ್ಪಿಗೆಯಿಲ್ಲ ಎಂದು ಬಹಿರಂಗವಾಗಿಯೇ ಹೇಳಿತು. ಯೂನಿಯನ್ ಜೊತೆಗಿನ ಒಪ್ಪಂದದ ಪ್ರಕಾರ ಇಂಥ ವಿವಾದಗಳನ್ನು ಮಧ್ಯಸ್ಥಗಾರರು ಬಗೆಹರಿಸಬೇಕಿತ್ತು. ವಜಾ ಮಾಡಲು ಸಾಕಾಗುವಷ್ಟು ನಿರ್ಣಾಯಕ ಸಾಕ್ಷ್ಯ ಇಲ್ಲವೆಂದು ಅವರು ಹೇಳಿದ್ದರಿಂದ ಕಂಪನಿ ಅದಕ್ಕೆ ಬದ್ಧವಾಗಬೇಕಾಯಿತು. ವಿಡಿಯೋ ನೋಡಿದವರಿಗೆ ಸಂಶಯವೇ ಉಳಿಯದೆ ಇರಬಹುದು, ಆದರೆ ಒಬ್ಬನ ಅನ್ನ ಕಿತ್ತುಕೊಳ್ಳಲು ಬೇಕಾದ ಪುರಾವೆಯ ಮಟ್ಟವೇ ಬೇರೆ. ಆಂತರಿಕ ವಿಚಾರಣೆ, ಲೇಬರ್ ಕೋರ್ಟು ಎಂದರೇನೆಂದು ತಿಳಿದಿರುವ ಪೀಣ್ಯದ ಓದುಗರು ಆ ವಾಕ್ಯವನ್ನು ಓದಿದ ಕೂಡಲೇ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ ಮೋಟರ್ಸ್ ಒಂದರದ್ದೇ. 2009ರ ಹೊತ್ತಿಗೆ ಅದು ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿದಿತ್ತು. ಅಂದರೆ ನೀವು ವಿವರಿಸಲು ಹೊರಟ ಕುಸಿತ 2010ರ ಆ ಊಟದ ಬಿಡುವಿಗೆ ಎಷ್ಟೋ ಮೊದಲೇ ಆಗಿಹೋಗಿತ್ತು. ಬೇರೆ ಕಂಪನಿಯ, ಬೇರೆ ಕಾಲದ ಸೋಲಿಗೆ ಈ 13 ಜನರನ್ನು ಕಾರಣ ಮಾಡಲಾಗದು. ನಿಮ್ಮ ವಾದಕ್ಕೆ ಪುರಾವೆ ಬೇಕೆಂದರೆ ಎಪ್ಪತ್ತು ಎಂಬತ್ತರ ದಶಕದ ಕಾರ್ಖಾನೆಗಳಿಗೆ ಹೋಗಬೇಕು. ಅಲ್ಲಿ ನಿಮಗೆ ಪುರಾವೆ ಸಿಗುತ್ತದೆ, ಅದರ ಜೊತೆಗೆ ನಿಮ್ಮ ವಾದವನ್ನೇ ತಲೆಕೆಳಗು ಮಾಡುವ ಸಂಗತಿಯೂ ಸಿಗುತ್ತದೆ.

ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಬಗ್ಗೆ. ನಿಮ್ಮ ಲೇಖನದಲ್ಲಿ ಈ ಹೆಸರು ಒಮ್ಮೆಯೂ ಬಂದಿಲ್ಲ. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ ಇಡೀ ಕಂಪನಿಯಲ್ಲೇ ಅತ್ಯಂತ ಕೆಟ್ಟದ್ದೆಂದು ಹೆಸರಾಗಿತ್ತು. ಹಲವು ದಿನ ಐವರಲ್ಲಿ ಒಬ್ಬ ಕೆಲಸಕ್ಕೇ ಬರುತ್ತಿರಲಿಲ್ಲ. ಲೈನ್ ಶುರು ಮಾಡಲು ಜನ ಸಾಲದೆ ಮೇಲ್ವಿಚಾರಕರು ಎದುರುಗಡೆ ಇದ್ದ ಬಾರಿನಿಂದ ಕಾರ್ಮಿಕರನ್ನು ಕರೆತಂದದ್ದೂ ಉಂಟು. ಕೆಲಸದ ನಡುವೆ ಕುಡಿತ, ಜೂಜು, ಮಾದಕವಸ್ತು ಎಲ್ಲವೂ ನಡೆಯುತ್ತಿತ್ತು. ಕೊಂಡವನ ತಲೆಕೆಡಿಸಲೆಂದೇ ಕಾರಿನ ಬಾಗಿಲಿನ ಒಳಪದರದಲ್ಲಿ ಖಾಲಿ ಸೋಡಾ ಬಾಟಲಿ ಬಿಟ್ಟು ಮುಚ್ಚುತ್ತಿದ್ದೆವು ಎಂದು ಅಲ್ಲಿ ದುಡಿದವರೇ ಮುಂದೆ ತಮ್ಮ ಹೆಸರು ಸಮೇತ ಹೇಳಿದ್ದಾರೆ. ಮ್ಯಾನೇಜ್‌ಮೆಂಟ್ ಕಡೆಯಿಂದ ಇದ್ದ ದೊಡ್ಡ ನಿಯಮ ಒಂದೇ: ಏನೇ ಆದರೂ ಲೈನ್ ನಿಲ್ಲಬಾರದು. ಒಂದು ಮಾದರಿಯ ಮುಂಭಾಗ ಇನ್ನೊಂದು ಮಾದರಿಗೆ ಜೋಡಣೆಯಾದರೂ ಅದು ಹಾಗೆಯೇ ಮುಂದಕ್ಕೆ ಸಾಗಿ, ಹೊರಗಿನ ಅಂಗಳದಲ್ಲಿ ರಿಪೇರಿಗೆ ಕಾಯಬೇಕಿತ್ತು. 1982ರಲ್ಲಿ ಕಂಪನಿ ಬಾಗಿಲು ಹಾಕಿತು.

ಆಮೇಲೆ ನಡೆದದ್ದನ್ನು ಗಮನವಿಟ್ಟು ನೋಡಿ. ಟೊಯೋಟಾ ಮತ್ತು ಜನರಲ್ ಮೋಟರ್ಸ್ ಜಂಟಿಯಾಗಿ ಅದೇ ಕಟ್ಟಡದಲ್ಲಿ ನುಮ್ಮಿ ಎಂಬ ಕಂಪನಿಯನ್ನು ತೆರೆದವು. 1984ರ ಕೊನೆಗೆ ಕಾರುಗಳು ಹೊರಬರತೊಡಗಿದವು. ಹೊಸದಾಗಿ ಸೇರಿಸಿಕೊಂಡ ಕಾರ್ಮಿಕರಲ್ಲಿ ಬಹುಪಾಲು, ಸುಮಾರು ಶೇಕಡ 85ರಷ್ಟು, ಹಳೆಯ ಫ್ರೀಮಾಂಟ್‌ನವರೇ. ಯೂನಿಯನ್ನೂ ಅದೇ, ಅಮೆರಿಕದ ವಾಹನ ಕಾರ್ಮಿಕರ ಸಂಘವಾದ ಯುಎಡಬ್ಲ್ಯು. ನೂರಾರು ಜನರನ್ನು ಜಪಾನಿನ ಟೊಯೋಟಾ ನಗರದ ಟಕಾವೋಕಾ ಕಾರ್ಖಾನೆಗೆ ಕಳುಹಿಸಿ ತರಬೇತಿ ಕೊಡಿಸಿದರು. ನಾಲ್ಕೈದು ಜನರ ತಂಡ, ಪ್ರತಿ ತಂಡಕ್ಕೂ ಕೈಜೋಡಿಸುವ ಒಬ್ಬ ಮುಂದಾಳು, ತಲೆಯ ಮೇಲೆ ಕೈಗೆಟುಕುವಂತೆ ಒಂದು ಹಗ್ಗ. ಬೋಲ್ಟು ಕೂರಲಿಲ್ಲವೆಂದರೆ ಹಗ್ಗ ಎಳೆಯಬೇಕು; ಮುಂದಾಳು ಓಡಿಬರುತ್ತಾನೆ; ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ, ಎಳೆದವನನ್ನು ಯಾರೂ ಗದರುವುದಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯನ್ನು ಕಂಡ ನಮ್ಮ ಓದುಗರಿಗೆ ಈ ಹಗ್ಗದ ಪರಿಚಯವಿರುತ್ತದೆ. ಶೇಕಡ 20ರ ಆಸುಪಾಸಿನಲ್ಲಿದ್ದ ಗೈರುಹಾಜರಿ ಶೇಕಡ 2–3ಕ್ಕೆ ಇಳಿಯಿತು. ಅಲ್ಲಿಂದ ಬಂದ ಕಾರುಗಳ ಗುಣಮಟ್ಟ ಟೊಯೋಟಾದ ಜಪಾನಿನ ಕಾರ್ಖಾನೆಗಳಿಗೆ ಹೋಲಿಸುವಷ್ಟಾಯಿತು. ಬಾಗಿಲಿನೊಳಗೆ ಬಾಟಲಿ ಬಿಟ್ಟಿದ್ದ ಕೈಗಳೇ ಇದನ್ನೂ ಮಾಡಿದವು. ‘ಅಮೆರಿಕದ ಕಾರ್ಮಿಕನ ಸ್ವಭಾವವೇ ಅಂಥದ್ದು’ ಎನ್ನುವ ನಿಮ್ಮ ಆರನೆಯ ಪುಟ ಈ ಸಂಗತಿಯನ್ನು ಹೇಗೆ ಎದುರಿಸುತ್ತದೆ?

ಇನ್ನೊಂದು ಸಂಗತಿ ನಿಮ್ಮ ವಿಷಯಕ್ಕೆ, ಅಂದರೆ ಹೆಸರಿನ ಪ್ರಶ್ನೆಗೆ, ಇನ್ನೂ ಹತ್ತಿರದ್ದು. ಎಂಬತ್ತರ ದಶಕದ ಕೊನೆಯಿಂದ ಅದೇ ಲೈನಿನಲ್ಲಿ, ಅದೇ ಕೈಗಳಿಂದ, ಟೊಯೋಟಾ ಕೊರೊಲ್ಲಾ ಮತ್ತು ಜನರಲ್ ಮೋಟರ್ಸ್‌ನ ಜಿಯೋ ಪ್ರಿಜಂ ಎರಡೂ ತಯಾರಾದವು. ಒಳಗೆ ಬಹುಮಟ್ಟಿಗೆ ಒಂದೇ ಕಾರು. ಆದರೂ ಜನ ಕೊರೊಲ್ಲಾಕ್ಕೆ ಹೆಚ್ಚು ಬೆಲೆ ಕೊಟ್ಟು, ಅದನ್ನೇ ಹೆಚ್ಚಾಗಿ ಕೊಂಡರು. ಗುಣಮಟ್ಟ ಸುಧಾರಿಸಿದ ಮೇಲೂ ಹೆಸರು ಸುಧಾರಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನೀವು ಲೇಖನದುದ್ದಕ್ಕೂ ಗುಣಮಟ್ಟ ಮತ್ತು ಹೆಸರು ಎಂಬ ಎರಡನ್ನು ಒಂದೇ ಎಂಬಂತೆ ಬಳಸುತ್ತೀರಿ. ‘ಸೋಮವಾರ ತಯಾರಾದ ಕಾರನ್ನು ಕೊಳ್ಳಬಾರದು’ ಎಂಬ ಅಮೆರಿಕದ ಹಳೆಯ ನಂಬಿಕೆಯನ್ನು ಕಾರು ಕೆಟ್ಟದಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದೀರಿ. ಅದು ನಿಜವಾಗಿ ಹೆಸರು ಎಷ್ಟು ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿ.

ಹಾಗಾದರೆ ತಪ್ಪೆಲ್ಲ ಮ್ಯಾನೇಜ್‌ಮೆಂಟಿನದ್ದು, ಕಾರ್ಮಿಕನದ್ದು ಏನೂ ಇಲ್ಲ ಎಂದು ಬರೆಯಿರಿ ಎನ್ನುತ್ತಿಲ್ಲ. ಹಾಗೆ ಬರೆದರೂ ಲೇಖನವನ್ನು ವಾಪಸು ಕಳುಹಿಸುತ್ತೇನೆ. ಫ್ರೀಮಾಂಟ್‌ನ ಪಾಠವನ್ನು ಜನರಲ್ ಮೋಟರ್ಸ್ ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಕಾರ್ಖಾನೆಗೆ ಒಯ್ಯಲು ನೋಡಿತು. ಅಲ್ಲಿನ ಕಾರ್ಮಿಕರಲ್ಲಿ ಅನೇಕರು ಒಪ್ಪಲಿಲ್ಲ, ಮ್ಯಾನೇಜರುಗಳಿಗೂ ತಮ್ಮ ಅಧಿಕಾರ ಬಿಟ್ಟುಕೊಡುವ ಮನಸ್ಸಿರಲಿಲ್ಲ. 1992ರಲ್ಲಿ ಅದೂ ಮುಚ್ಚಿತು. ಟೊಯೋಟಾದ ಪದ್ಧತಿ ಇದ್ದಲ್ಲೆಲ್ಲ ಶಾಂತಿ ಇರುತ್ತದೆ ಎಂದೂ ಇಲ್ಲ. 2020ರ ನವೆಂಬರಿನಲ್ಲಿ ಬಿಡದಿಯಲ್ಲಿ ಒಬ್ಬರ ಅಮಾನತ್ತಿನಿಂದ ಶುರುವಾಗಿ ಲಾಕ್‌ಔಟ್‌ವರೆಗೆ ಹೋದ ಬಿಕ್ಕಟ್ಟಿನಲ್ಲಿ ಮ್ಯಾನೇಜ್‌ಮೆಂಟ್ ‘ಅಶಿಸ್ತು’ ಎಂದಿತು, ಯೂನಿಯನ್ ‘ಮಿತಿಮೀರಿದ ಕೆಲಸದ ಹೊರೆ’ ಎಂದಿತು. ಈ ಎರಡು ಮಾತುಗಳ ನಡುವೆ ಏನಿದೆ ಎಂದು ಹುಡುಕುವುದೇ ನಿಮ್ಮಂಥ ಲೇಖಕರ ಕೆಲಸ ಎಂದು ನಾನು ನಂಬಿದ್ದೇನೆ.

ಓಹಾಯೋದ ಲಾರ್ಡ್ಸ್‌ಟೌನ್ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ: ‘ಅಲ್ಲಿ ಕಾರ್ಮಿಕರು ಬೇಕೆಂದೇ ಕಾರುಗಳನ್ನು ಹಾಳು ಮಾಡಿದರು.’ ಆ ಕಾರ್ಖಾನೆಯ ಒಡೆಯ ಜನರಲ್ ಮೋಟರ್ಸ್ ಹಾಗೆ ಆರೋಪಿಸಿದ್ದು ನಿಜ. ಆದರೆ ಅಲ್ಲಿ ಗಂಟೆಗೆ ಸುಮಾರು 100 ಷೆವ್ರೊಲೆ ವೇಗಾ ಕಾರುಗಳು ಲೈನಿನಲ್ಲಿ ಹಾದುಹೋಗುತ್ತಿದ್ದವು, ಒಬ್ಬೊಬ್ಬನಿಗೆ ಪ್ರತಿ ಕಾರಿನ ಮೇಲೆ ಸಿಗುತ್ತಿದ್ದುದು 36 ಸೆಕೆಂಡು. 1971ರಲ್ಲಿ ಆಡಳಿತ ಬದಲಾಗಿ ನೂರಾರು ಕೆಲಸಗಳು ಕಡಿತವಾದವು, ಉಳಿದವರ ಮೇಲೆ ಆ ಹೊರೆ ಬಿತ್ತು. 1972ರ ಮಾರ್ಚಿನಲ್ಲಿ 22 ದಿನ ಮುಷ್ಕರ ನಡೆಯಿತು. ಕೈಗಳೇ ಸಾಲದೆ ಅರ್ಧಂಬರ್ಧ ಕೆಲಸವಾದ ಕಾರುಗಳನ್ನು ‘ಹಾಳು ಮಾಡಿದ್ದು’ ಎನ್ನುತ್ತಿದ್ದಾರೆ ಎಂಬುದು ಯೂನಿಯನ್ನಿನ ಉತ್ತರವಾಗಿತ್ತು. ಜೊತೆಗೆ ವೇಗಾದ ಹೆಸರು ಕೆಡಿಸಿದ್ದು ಮುಖ್ಯವಾಗಿ ಬಿಸಿಯೇರಿ ಕೆಡುತ್ತಿದ್ದ ಅಲ್ಯೂಮಿನಿಯಂ ಎಂಜಿನ್ ಮತ್ತು ಬೇಗನೆ ತುಕ್ಕು ಹಿಡಿಯುತ್ತಿದ್ದ ಬಾಡಿ. ಇವೆರಡೂ ನಕ್ಷೆಯ ಮೇಜಿನಿಂದಲೇ ಬಂದ ದೋಷಗಳು. ಲೈನಿನವನು ಎಷ್ಟೇ ನಿಷ್ಠೆಯಿಂದ ಜೋಡಿಸಿದ್ದರೂ ಅವು ಅಲ್ಲಿರುತ್ತಿದ್ದವು.

ದುರ್ನಡತೆ ಎಂಬ ಪದವನ್ನು ನೀವು ಕಾರ್ಖಾನೆಯ ನೆಲಕ್ಕೆ ಮಾತ್ರ ಮೀಸಲಿಟ್ಟಿರುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಜನರಲ್ ಮೋಟರ್ಸ್ 2014ರಲ್ಲಿ ದೋಷವಿದ್ದ ಇಗ್ನಿಷನ್ ಸ್ವಿಚ್ ಕಾರಣಕ್ಕೆ 26 ಲಕ್ಷದಷ್ಟು ಕಾರುಗಳನ್ನು ವಾಪಸು ಕರೆಸಿತು. ಕಾರು ಓಡುವಾಗಲೇ ಬೀಗದ ಕೈ ಜಾರಿ ಎಂಜಿನ್ ಆರಿಹೋಗುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯದೇ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. ಆ ಸ್ವಿಚ್ಚನ್ನು ಜೋಡಿಸಿದ ಕಾರ್ಮಿಕ ತಪ್ಪು ಮಾಡಿರಲಿಲ್ಲ, ತನಗೆ ಕೊಟ್ಟ ಭಾಗವನ್ನೇ ಕೂರಿಸಿದ್ದ. ಭಾಗವನ್ನು ಸದ್ದಿಲ್ಲದೆ ಬದಲಿಸಿ ಅದರ ನಂಬರನ್ನು ಮಾತ್ರ ಹಾಗೆಯೇ ಉಳಿಸಿದ್ದು ಎಂಜಿನಿಯರಿಂಗ್ ವಿಭಾಗದಲ್ಲಿ. ಕಂಪನಿ ನೇಮಿಸಿದ ತನಿಖೆಯ ವರದಿ ಒಂದು ದೃಶ್ಯವನ್ನು ದಾಖಲಿಸಿದೆ: ಸಭೆಯಲ್ಲಿ ಕೂತವರೆಲ್ಲ ‘ಹೀಗೆ ಮಾಡೋಣ’ ಎಂಬುದಕ್ಕೆ ತಲೆಯಾಡಿಸುತ್ತಾರೆ, ಎದ್ದು ಹೊರಗೆ ಹೋದ ಮೇಲೆ ಯಾರೂ ಏನೂ ಮಾಡುವುದಿಲ್ಲ. ಅದಕ್ಕೆ ಕಂಪನಿಯೊಳಗೆ ‘ಜಿಎಂ ನಾಡ್’, ಅಂದರೆ ಜನರಲ್ ಮೋಟರ್ಸ್ ತಲೆಯಾಡಿಕೆ, ಎಂದೇ ಹೆಸರಿತ್ತು. ಆಗ 15 ಜನ ಕೆಲಸ ಕಳೆದುಕೊಂಡರು. ನಿಮ್ಮ 13 ಜನರ ಪಕ್ಕದಲ್ಲಿ ಈ 15 ಜನರನ್ನು ನಿಲ್ಲಿಸಿ ನೋಡಿ. ಯಾವ ತಪ್ಪು ಕ್ಯಾಮೆರಾಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕುಡುಕರು’, ‘ಸೋಮಾರಿಗಳು’ ಎಂಬ ಪದಗಳು ಹನ್ನೆರಡು ಪುಟಗಳಲ್ಲಿ ನಲವತ್ತು ಸಲ ಬಂದಿವೆ. ‘ಎಲ್ಲರಿಗೂ ತಿಳಿದಿರುವಂತೆ’ ಎಂದು ನೀವು ಬರೆದ ಕಡೆಗಳಲ್ಲೆಲ್ಲ ಪುರಾವೆ ಇಲ್ಲ. ಎರಡನ್ನೂ ತೆಗೆಯಿರಿ.

ಒಂಬತ್ತನೆಯ ಪುಟದ ಆರು ಸಾಲುಗಳನ್ನು ಮಾತ್ರ ನಾನು ಮತ್ತೆ ಮತ್ತೆ ಓದಿದೆ. ನಿಮ್ಮ ಪಕ್ಕದ ಮನೆಯ ಹಿರಿಯರು ಮೂವತ್ತು ವರ್ಷ ಬಾಗಿಲು ಕೂರಿಸುವ ಕೆಲಸ ಮಾಡಿ ನಿವೃತ್ತರಾದವರು. ನೀವು ಹೊಸ ಜಪಾನಿ ಕಾರು ತಂದ ದಿನ ಅವರು ಬಂದು, ಮಾತಿಲ್ಲದೆ ಬಾಗಿಲನ್ನು ಒಮ್ಮೆ ತೆರೆದು ಹಾಕಿ ಕಿವಿಗೊಟ್ಟು ಕೇಳಿದರು, ಇನ್ನೊಮ್ಮೆ ಹಾಕಿದರು, ಅಂಚಿನ ಸಂದಿಯ ಮೇಲೆ ಹೆಬ್ಬೆರಳು ಓಡಿಸಿ, ‘ನಮಗೂ ಹೀಗೆ ಮಾಡಲು ಬರುತ್ತಿತ್ತು’ ಎಂದು ಹೇಳಿ ಹೋದರು. ಅವರನ್ನು ಅಲ್ಲಿಯೇ ಬಿಟ್ಟು ನೀವು ಮತ್ತೆ ಯೂನಿಯನ್ ಬೈಯಲು ಹೊರಟುಬಿಟ್ಟಿದ್ದೀರಿ. ಈ ವಾರ ಬಿಡುವು ಮಾಡಿಕೊಂಡು ಅವರ ಮನೆಗೆ ಹೋಗಿ. ಅವರು ಹೇಳಿದ ‘ನಾವು’ ಯಾರು, ಒಂದು ಶಿಫ್ಟಿಗೆ ಎಷ್ಟು ಬಾಗಿಲು ಕೂರಿಸುತ್ತಿದ್ದರು, ಸರಿಯಾಗಿ ಕೂರದ ಬಾಗಿಲನ್ನು ಏನು ಮಾಡುತ್ತಿದ್ದರು, ನಿಲ್ಲಿಸಬೇಕು ಎನ್ನಿಸಿದಾಗ ಯಾರಿಗೆ ಹೇಳಬೇಕಿತ್ತು, ಪಕ್ಕದವನು ಕುಡಿದು ಬಂದ ದಿನ ಅವನ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಎಂದು ಕೇಳಿ, ಅವರ ಮಾತನ್ನು ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಹೊಸ ಲೇಖನವನ್ನು ಆ ಬಾಗಿಲಿನಿಂದ ಶುರುಮಾಡಿ ಆರು ಪುಟ ಮೀರದಂತೆ ಕಳುಹಿಸಿದರೆ, ಬಂದ ವಾರದಲ್ಲೇ ಓದಿ ಉತ್ತರಿಸುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ